ನೀರೊಳಗೆ ಕೊಯ್ದ ಆಪು

ರಂಗವ್ವನ ಮೊಣಕಾಲು ನೋವಿಗೆ ಜೌಗಿನ ತಂಡಿಯೇ ಕಾರಣ ಅಂತ ಡಾಕ್ಟರು ಹೇಳಿದ್ದರು. ಜೌಗು ಒಣಗಿ ವರ್ಷಗಳಾದವು, ನೋವು ಮಾತ್ರ ಹೋಗಲಿಲ್ಲ.

ಬಾತಿ ಊರಿನ ಆಚೆ, ಹರಿಹರದ ಕಡೆಗೆ ಭದ್ರೆಯ ನೀರು ಒಯ್ಯುವ ಕಾಲುವೆಯ ಏರಿ ಒಂದು ಕಡೆ ಸೋರುತ್ತಿತ್ತು. ಅವಳು ಸೊಸೆಯಾಗಿ ಬರುವ ಮೊದಲೇ ಸೋರುತ್ತಿತ್ತು. ಆ ನೀರು ಏರಿಯ ಕೆಳಗೆ ನಿಂತು ಆಳೆತ್ತರದ ಆಪು ಬೆಳೆದಿತ್ತು, ಚಾಪೆ ಹೆಣೆಯುವ ಜೊಂಡು. ಬೇಸಿಗೆ ಬೆಳೆ ಮುಗಿದು ಕಾಲುವೆ ಬಂದ್ ಆದಾಗ ಜೌಗಿನ ನೀರೂ ಇಳಿಯುತ್ತಿತ್ತು. ಆಗ ರಂಗವ್ವ ಕೆಸರಿಗೆ ಕೈ ಹಾಕಿ ಬುಡದ ಮಟ್ಟಕ್ಕೆ ಕೊಯ್ಯುತ್ತಿದ್ದಳು. ಬುಡಕ್ಕೆ ಕೊಯ್ದಷ್ಟೂ ಚಿಗುರು ದಪ್ಪ ಅಂತ ಅತ್ತೆ ಹೇಳಿಕೊಟ್ಟಿದ್ದಳು. ಒಂದು ಮೂಲೆಯನ್ನು ಮಾತ್ರ ಹುಂಡುಕೋಳಿಗಳಿಗೆ ಬಿಡಬೇಕು. ಬಿಳಿ ಎದೆಯ, ಕರಿ ಬೆನ್ನಿನ ಆ ನೀರುಹಕ್ಕಿಗಳು ಮಳೆ ಬಿದ್ದೊಡನೆ ಅಲ್ಲಿ ಮೊಟ್ಟೆ ಇಡುತ್ತಿದ್ದವು. ಹೆಣೆದ ಚಾಪೆಗಳನ್ನು ವಿನೋಬನಗರದ ಮಾಸೂಮಾಳ ಅಂಗಡಿಗೆ ಹಾಕಿ ಬರುತ್ತಿದ್ದಳು.

ಆಮೇಲೆ ಕಾಲುವೆಗೆ ಕಾಂಕ್ರೀಟ್ ಬಂತು. ಸೋರುವುದು ನಿಂತಿತು. ಬೈಯಲು ಅವಳಿಗೆ ಬಾಯಿ ಬರಲಿಲ್ಲ. ಅವಳ ತಮ್ಮನ ಗದ್ದೆ ಕಾಲುವೆಯ ಕೊನೆಯಲ್ಲಿದೆ. ಅಲ್ಲಿಗೆ ಆ ವರ್ಷ ಮೊದಲ ಸಲ ನೀರು ಸರಿಯಾಗಿ ತಲುಪಿತ್ತು. ಇಲ್ಲಿ ಆಪು ನಿಂತಲ್ಲೇ ಕಂದಿತು. ಹುಂಡುಕೋಳಿಗಳು ಏರಿಯ ರಸ್ತೆಯಲ್ಲಿ ದಿಕ್ಕಿಲ್ಲದೆ ಓಡಾಡಿ ಟ್ರ್ಯಾಕ್ಟರಿಗೆ ಸಿಕ್ಕವು.

ಕಳೆದುಹೋದ ಜೌಗಿನ ಬದಲಿಗೆ ಒಂದು ಹೊಂಡ ಮಾಡಬೇಕೆಂದು ನೀರಾವರಿ ಕಚೇರಿಯವರು ತೀರ್ಮಾನಿಸಿದರು. ಸರ್ಕಾರಿ ಜಾಗದಲ್ಲಿ ಅಗೆದು, ನೀರು ಇಂಗದ ಹಾಗೆ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಮಣ್ಣು ಹರವಿದರು. ನೋಡಿಕೊಳ್ಳಲು ಬಂದವಳು ಸಹನಾ, ಎಂ.ಸಿ.ಸಿ. ಬಡಾವಣೆಯಿಂದ ಸ್ಕೂಟಿಯಲ್ಲಿ ಬರುವ ಹುಡುಗಿ. ಹಳೆಯ ಜೌಗಿನಲ್ಲಿ ಉಸಿರಿದ್ದ ಗಡ್ಡೆಗಳನ್ನು ರಂಗವ್ವ ಕಿತ್ತು ತಂದು ಹೊಂಡದಲ್ಲಿ ನೆಟ್ಟಳು. ಕಾವಲೂ ಅವಳಿಗೇ ಬಂತು. ಜೊಂಡು ಹೆಚ್ಚಾದರೆ ಕೊಯ್ದುಕೊಳ್ಳಲು ಸಹನಾ ಒಪ್ಪಿದ್ದಳು.

ಕಾಲುವೆಯ ತೂಬು ತೆಗೆದು ಹಾಕುವ ಸೌಡಿ ಸಣ್ಣಬೀರಪ್ಪ ಒಂದು ದಿನ ಸುದ್ದಿ ತಂದ.

"ರಂಗಕ್ಕ, ಈ ಮಳೆಗಾಲದಾಗೆ ಹಕ್ಕಿ ಗೂಡು ಕಟ್ಟಲಿಲ್ಲ ಅಂದ್ರೆ ಹೊಂಡಕ್ಕೆ ನೀರು ಬಿಡಾದು ನಿಲ್ಲಿಸ್ತಾರಂತೆ."

"ಹಕ್ಕಿ ಏನು ನಿನ್ನಂಗೆ ಸರ್ಕಾರಿ ನೌಕರನೇನೋ, ಹೇಳಿದ ದಿನ ಬರಾಕೆ?"

"ನಾನೆಲ್ಲಿ ಹೇಳಿದ ದಿನ ಬರ್ತೀನಿ ಬಿಡು," ಅಂದ ಅವನು.

ಮೇ ಕೊನೆಗೆ ಕಾಲುವೆ ಬಂದ್ ಆಯಿತು. ರಂಗವ್ವನ ಕೈ ಕುಡುಗೋಲು ಹುಡುಕಿತು. ಆಪು ಹಣ್ಣಾಗಿ ಬಾಗಿತ್ತು. ಕೊಯ್ದರೆ ಮಳೆಗೆ ಹಸಿರಾಗಿ ಏಳುತ್ತದೆ, ಹಕ್ಕಿಗೂ ದಟ್ಟ ಮರೆಯಾಗುತ್ತದೆ ಅಂತ ಅವಳ ಲೆಕ್ಕ. ಹೊಂಡದ ನೀರು ಅಷ್ಟೇನೂ ಇಳಿದಿರಲಿಲ್ಲ. ಅವಳು ಮೊಣಕಾಲ ಮಟ್ಟದ ನೀರಿಗಿಳಿದು, ಕೈ ಮುಳುಗಿಸಿ, ಬುಡಕ್ಕೇ ಕೊಯ್ದಳು. ಅರ್ಧ ಹೊಂಡ ಆಗುವಷ್ಟರಲ್ಲಿ ಕಾಲು ಬಗ್ಗದಾಯಿತು. ಹಕ್ಕಿಗೆ ಒಂದು ಮೂಲೆ ಬಿಟ್ಟು ಉಳಿದದ್ದು ನಾಳೆ ಅಂದುಕೊಂಡಳು. ಮರುದಿನ ಏಳಲಾಗಲಿಲ್ಲ, ಅದು ಹಾಗೇ ಉಳಿಯಿತು.

ಮಳೆ ಬಂದು ಹೊಂಡ ತುಂಬಿತು. ಕೊಯ್ದ ಕಡೆ ಒಂದು ಚಿಗುರೂ ಕಾಣಲಿಲ್ಲ. ಅವಳು ನೀರಿಗಿಳಿದು ಒಂದು ಬುಡ ಕಿತ್ತಳು. ಕಪ್ಪಾಗಿ, ಕೊಳೆತು, ಬೆರಳಿಗೆ ಅಂಟಿತು. ಹಳೆಯ ಜೌಗಿನಲ್ಲಿ ನೀರು ಇಳಿದು ಕೊಯ್ದ ಬುಡಕ್ಕೆ ಗಾಳಿ ಆಡುತ್ತಿತ್ತು. ಈ ನೀರು ಇಂಗದ ನೀರು. ಕೊಯ್ದ ಬಾಯಿ ನೀರೊಳಗೇ ಉಳಿದು ಉಸಿರುಕಟ್ಟಿತ್ತು.

ಸಹನಾ ಬಂದಾಗ ರಂಗವ್ವ ತಾನಾಗಿಯೇ ಹೇಳಿದಳು. "ನಾನೇ ಕೊಂದೆ ಕಣವ್ವ."

ಸಹನಾ ನೀರಿಗೆ ಕೈ ಹಾಕಿ ಒಂದು ಬುಡ ಮುಟ್ಟಿ ನೋಡಿದಳು. "ಕೊಯ್ಕೊಳ್ರಿ ಅಂತ ನಾನೇ ಹೇಳಿದ್ದೆ. ನಂಗೂ ಗೊತ್ತಾಗ್ಲಿಲ್ಲ," ಅಂದಳು. "ಪಂಪು ತರಿಸ್ತೀನಿ. ನೀರು ಅರ್ಧ ತೆಗೆದ್ರೆ ಇನ್ನೂ ಸ್ವಲ್ಪ ಬುಡ ಉಳೀಬಹುದು."

ಮರುದಿನ ಪಂಪು ಬಂತು. ಸಣ್ಣಬೀರಪ್ಪ ಪೈಪು ಬಿಡಿಸುತ್ತಿದ್ದ. ಆಗ ಕೊಯ್ಯದೆ ಉಳಿದ ಆಪಿನೊಳಗಿಂದ ಗಂಟಲು ಕೆರೆದಂಥ ಕೂಗು ಬಂತು. ಕ್ವಾಕ್, ಕ್ವಾಕ್. ಮೂವರೂ ನಿಂತರು. ರಂಗವ್ವ ದಡದಲ್ಲೇ ಬಗ್ಗಿ ಇಣುಕಿದಳು. ನೀರಿನಿಂದ ಗೇಣೆತ್ತರದಲ್ಲಿ ಬಾಗಿದ ಜೊಂಡುಗಳ ನಡುವೆ ಒಂದು ಗೂಡು, ಅದರ ಮೇಲೆ ಅಲುಗಾಡದೆ ಕೂತ ಬಿಳಿ ಎದೆ.

ಏರಿಯ ಮೇಲೆ ಎರಡು ನಾಯಿಗಳು ಮಲಗಿದ್ದವು. ನೀರು ಇಳಿದರೆ ಅವು ಕಾಲು ಒದ್ದೆ ಮಾಡಿಕೊಳ್ಳದೆ ಗೂಡಿಗೆ ಹೋಗುತ್ತವೆ.

"ಏನ್ ಮಾಡಾನ ಅವ್ವ? ನೀರು ತೆಗೀದಿದ್ರೆ ಕೊಯ್ದಿದ್ದಷ್ಟೂ ಹೋಗ್ತೈತೆ," ಅಂದಳು ಸಹನಾ. "ಹೊಸದು ತರಾಕೆ ಹಳೇ ಜೌಗಿನಾಗೂ ಏನಿಲ್ಲ."

ರಂಗವ್ವನಿಗೆ ಅದು ಗೊತ್ತಿತ್ತು. ಇನ್ನು ನೆಡಬೇಕೆಂದರೆ ಈ ಉಳಿದರ್ಧದಿಂದಲೇ ಗಡ್ಡೆ ಬಿಡಿಸಬೇಕು, ಅದೂ ಮರಿಗಳು ಹೋದ ಮೇಲೆ. ಹೊಂಡದ ತುಂಬ ಆಪು ಬೆಳೆಯುವ ತನಕ ಕೊಯ್ಲು ಇಲ್ಲ. ಕೊಯ್ಲು ಇಲ್ಲವೆಂದರೆ ಚಾಪೆ ಇಲ್ಲ. ಅಷ್ಟರಲ್ಲಿ ತನ್ನ ಕಾಲು ನೀರಿಗಿಳಿಯುವ ಹಾಗಿರುತ್ತದೋ ಇಲ್ಲವೋ.

"ಬ್ಯಾಡ ಬಿಡು. ಪೈಪು ಸುತ್ತೋ ಬೀರಪ್ಪ," ಅಂದಳು.

ವಾರ ಕಳೆದು ಮಾಸೂಮಾಳ ಅಂಗಡಿಗೆ ಹೋಗಿ, ಇನ್ನು ಚಾಪೆಗೆ ಕಾಯಬೇಡ ಎಂದಳು. ಮಾಸೂಮಾ ಚಹಾ ತರಿಸಿದಳು. ಹೊರಡುವಾಗ ನೀಲಿ ಬಣ್ಣದ ಪ್ಲಾಸ್ಟಿಕ್ ಚಾಪೆಯೊಂದನ್ನು ಸುತ್ತಿ ಕೈಗಿತ್ತಳು. "ಕಾವಲು ಕಾಯಾಕಿ ನೆಲದ ಮೇಲೆ ಯಾಕ ಕುಂಡ್ರತಿ? ತಗಾ."

ಈಗ ರಂಗವ್ವ ದಡದಲ್ಲಿ ಅದನ್ನೇ ಹಾಸಿಕೊಂಡು, ನಾಯಿಗಳಿಗೆಂದು ಕೋಲು ಹಿಡಿದು, ಕಾಲು ಚಾಚಿ ಕೂರುತ್ತಾಳೆ. ಒಂದು ದಿನ ಸಣ್ಣಬೀರಪ್ಪ ಸೈಕಲ್ ನಿಲ್ಲಿಸಿ ನಕ್ಕ.

"ಚಾಪೆ ರಂಗವ್ವ ಪ್ಲಾಸ್ಟಿಕ್ ಮ್ಯಾಲೆ ಕುಂತಾಳಲ್ಲಪ್ಪೋ!"

"ಮೆತ್ತಗೆ ಮಾತಾಡೋ," ಅಂದಳು ಅವಳು. "ಮರಿ ಎದ್ದಾವು."