ಮಂತ್ರಿಗಳು ಎತ್ತಬೇಕಾದ ಬಟ್ಟೆ

ಗುರುವಾಯನಕೆರೆಯ ಬಸ್ ನಿಲ್ದಾಣದ ಎದುರು, ವಿಮಾನ ದುರಂತದಲ್ಲಿ ತೀರಿಕೊಂಡವರ ಹೆಸರು ಕೆತ್ತಿದ ಕಲ್ಲಿನ ಬಲಬದಿಗೆ, ಶನಿವಾರ ಬೆಳಿಗ್ಗೆ ನಾನು ನಿಂತಿದ್ದೆ. ಕಲ್ಲಿಗೆ ರೇಷ್ಮೆ ಬಟ್ಟೆ ಹೊದಿಸಿದ್ದರು. ಅನಾವರಣಕ್ಕೆ ಮಂತ್ರಿಗಳು ಇನ್ನೂ ಬಂದಿರಲಿಲ್ಲ.

ಪಕ್ಕದಲ್ಲಿದ್ದ ಐಸಮ್ಮನವರ ಗಂಡ ಆ ವಿಮಾನದಲ್ಲಿ ದುಬೈಯಿಂದ ಬರುತ್ತಿದ್ದವರು. ಶವದ ಗುರುತು ಸಿಗದ ಕಾರಣ ಅವರದೆಂದು ಕಬರ್, ಒಂದು ಗೋರಿ ಇಲ್ಲ. ಹೆಸರನ್ನಾದರೂ ಮುಟ್ಟಿ ದುವಾ ಮಾಡಲು ಐಸಮ್ಮ ಬಂದಿದ್ದರು.

"ಸ್ವಲ್ಪ ಬಟ್ಟೆ ಎತ್ತಿ ನೋಡ್ತೇನೆ ಸಾರ್."

"ಆಗುವುದಿಲ್ಲಮ್ಮ, ಅದನ್ನು ಮಂತ್ರಿಗಳೇ ಎತ್ತಬೇಕು," ಎಂದರು ಕಲ್ಲಿನ ಬಳಿ ನಿಂತಿದ್ದ ಅಧಿಕಾರಿ.

ದುರಂತದ ಹೊತ್ತಿಗೆ ಸರಿಯಾಗಿ ಮೌನಾಚರಣೆ ಮಾಡಿ ಮುಗಿಸಿದೆವು. ಬಿಸಿಲೇರಿದ ಮೇಲೆ ಮಂತ್ರಿಗಳು ಬಂದರು.

"ಇನ್ನೊಮ್ಮೆ ಮೌನ ಆಚರಿಸುವ. ಮೊದಲಿನ ಫೋಟೋದಲ್ಲಿ ಮಂತ್ರಿಗಳು ಇಲ್ಲ," ಎಂದರು ಅದೇ ಅಧಿಕಾರಿ.

"ಸತ್ತವರು ಇನ್ನೊಮ್ಮೆ ಸತ್ತರಾ ಸಾರ್?" ಎಂದು ಐಸಮ್ಮ ಕೇಳಿದರು.

ಅಧಿಕಾರಿ ಮೌನಾಚರಣೆಗೆ ತಲೆ ತಗ್ಗಿಸಿ ನಿಂತರು. ಎಲ್ಲರೂ ನಿಂತೆವು. ಐಸಮ್ಮ ಮಾತ್ರ ನಡೆದುಹೋಗಿ, ಬಟ್ಟೆ ಸರಿಸಿ, ಗಂಡನ ಹೆಸರು ಹುಡುಕಿ, ಅದರ ಮೇಲೆ ಅಂಗೈ ಇಟ್ಟು ನಿಧಾನವಾಗಿ ದುವಾ ಮಾಡಿದರು. ಮೌನಾಚರಣೆ ನಡೆಯುತ್ತಿದ್ದುದರಿಂದ ಬೇಡವೆನ್ನಲು ಯಾರೂ ಬಾಯಿ ತೆರೆಯುವಂತಿರಲಿಲ್ಲ.

ಇದನ್ನು ನನ್ನ ಜೊತೆ ಕಂಡವರು ಹೂವಿನ ಗಿರಿಜಕ್ಕ ಮತ್ತು ನರಿಕೊಂಬಿನ ರಿಕ್ಷಾದ ವಾಮನಣ್ಣ. ಇಬ್ಬರೂ ಇದ್ದಾರೆ, ಬೇಕಾದರೆ ಕೇಳಿ.