ನಮ್ಮವರು ನೋಡದ ಜಲಪಾತ

ನಮ್ಮ ಯಜಮಾನರಿಗೆ ಡಾಕ್ಟರು ಹೇಳಿದ್ದು ದಿನಾ ಸ್ವಲ್ಪ ನಡೆಯಿರಿ ಎಂದು. ಪಶ್ಚಿಮ ಘಟ್ಟ ಹತ್ತಿ ಎಂದು ಅವರು ಹೇಳಿರಲಿಲ್ಲ. ಆದರೆ ನಮ್ಮವರು ಮೊದಲಿನಿಂದಲೂ ಹೇಳಿದ್ದಕ್ಕಿಂತ ಹೆಚ್ಚು ಮಾಡುವವರು, ಮನೆಗೆಲಸವೊಂದನ್ನು ಬಿಟ್ಟು.

ಬೆಳಿಗ್ಗೆ ಯಡಿಯೂರು ಕೆರೆಯ ಸುತ್ತ ಅವರ ವಾಕಿಂಗ್. ಜೊತೆಗೆ ಮೂವರು ಗೆಳೆಯರು, ಎಲ್ಲರೂ ನಿವೃತ್ತಿಯ ಆಸುಪಾಸಿನವರು. ಒಂದು ಸುತ್ತು ನಡೆದು, ಆ ಆಯಾಸಕ್ಕೆ ಬೆಂಚಿನ ಮೇಲೆ ಅದರ ದುಪ್ಪಟ್ಟು ಹೊತ್ತು ಕೂರುವುದು ಪದ್ಧತಿ. ಅವರಲ್ಲೊಬ್ಬರು ಮಗಳ ಜೊತೆ ಹಿಮಾಲಯಕ್ಕೆ ಹೋಗಿ ಬಂದು ಬೆಂಚಿನ ಮೇಲೆ ಫೋಟೋ ತೋರಿಸಿದರು. ಆವತ್ತು ಮನೆಗೆ ಬಂದ ನಮ್ಮವರಿಗೆ ಉಪ್ಪಿಟ್ಟು ರುಚಿಸಲಿಲ್ಲ.

ಒಂದೇ ವಾರದಲ್ಲಿ ಶೂ ಬಂತು, ಎರಡು ಕೋಲು ಬಂತು, ಹೀರುವ ನಳಿಗೆಯಿದ್ದ ನೀರಿನ ಚೀಲ ಬಂತು. ಪದ್ಮನಾಭನಗರದ ನಮ್ಮ ಕಟ್ಟಡದ ಮೆಟ್ಟಿಲಲ್ಲೇ ತಾಲೀಮು ಶುರುವಾಯಿತು. ಕೆಳಗಿನ ಮನೆಯಾಕೆ ನನ್ನನ್ನು ತರಕಾರಿ ಗಾಡಿಯ ಹತ್ತಿರ ತಡೆದು ಮೆಲ್ಲಗೆ ಕೇಳಿದರು.

"ನಿಮ್ಮ ಯಜಮಾನ್ರ ಕಾಲಿಗೆ ಏನಾಯ್ತು? ಎರಡು ಕೋಲು ಊರ್ಕೊಂಡು ಹತ್ತುತಿದ್ರು, ಪಾಪ."

"ಫಾಲ್ಸ್ ನೋಡೋಕೆ ಹೋಗ್ತಿದಾರೆ," ಎಂದೆ. ಅವರ ಮುಖದಲ್ಲಿ ಕನಿಕರ ಇನ್ನೂ ಹೆಚ್ಚಿತು.

ಟ್ರೆಕ್ಕಿಂಗ್ ಗುಂಪೊಂದರಲ್ಲಿ ಇವರು ಎರಡು ಸೀಟು ಕಾದಿರಿಸಿದ್ದರು. ಎರಡನೆಯದು ನನ್ನದು ಎಂದು ನನಗೆ ತಿಳಿದದ್ದು ಹೊರಡುವ ಹಿಂದಿನ ದಿನ.

"ನಾನ್ಯಾಕೆ?"

"ಮೂರು ಹೊತ್ತೂ ಟ್ಯೂಷನ್ ಮಕ್ಕಳ ಲೆಕ್ಕ ಲೆಕ್ಕ ಅಂತಿರ್ತೀಯ. ನಿಂಗೂ ಒಂದು ಚೇಂಜ್ ಬೇಕಲ್ವಾ."

ನನ್ನ ಚೇಂಜಿನ ಬಗ್ಗೆ ಇಷ್ಟು ಕಾಳಜಿ ಇದ್ದದ್ದು ಇಷ್ಟು ವರ್ಷ ಗೊತ್ತೇ ಆಗಿರಲಿಲ್ಲ. ಮಗಳು ಕಾಲೇಜಿಗೆ ಹಾಕಿ ಬಿಟ್ಟಿದ್ದ ಕ್ಯಾನ್ವಾಸ್ ಶೂ ಹುಡುಕಿ, ಧೂಳು ಕೊಡವಿ, ನಾನೂ ಹೊರಟೆ.

ಮಳೆಗಾಲ ಹಿಂದೆ ಸರಿಯುತ್ತಿದ್ದ ದಿನಗಳು. ರಾತ್ರಿ ಬನಶಂಕರಿಯಲ್ಲಿ ಬಸ್ಸು ಹತ್ತಿದವರು ಬೆಳಿಗ್ಗೆ ಘಟ್ಟದ ರಾಷ್ಟ್ರೀಯ ಉದ್ಯಾನದ ಬಾಗಿಲಲ್ಲಿ ಇಳಿದೆವು. ನಮ್ಮಿಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಬಿಟಿಎಂ ಕಡೆಯ ಆಫೀಸು ಹುಡುಗ ಹುಡುಗಿಯರು. ಗುಂಪಿನ ಲೀಡರ್ ನಮ್ಮ ಮಗಳ ವಯಸ್ಸಿನ ಹುಡುಗಿ. ನಮ್ಮವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಂಕಲ್, ನಿಮ್ಮ ಗೇರ್ ಸಖತ್ತಾಗಿದೆ," ಎಂದಳು. ಇವರು ಕೋಲಿನ ಉದ್ದ ಸರಿಮಾಡಿಕೊಳ್ಳುತ್ತ, ಅದೇನು ಮಹಾ ಎಂಬಂತೆ ನಕ್ಕರು. ಆಮೇಲೆ ಅವಳು ಎಲ್ಲರ ಕೈಗೂ ಒಂದೊಂದು ಉಪ್ಪಿನ ಪೊಟ್ಟಣ ಕೊಟ್ಟು, "ಜಿಗಣೆ ಹತ್ತಿದ್ರೆ ಕೀಳಬೇಡಿ, ಉಪ್ಪು ಹಾಕಿ. ತಾನೇ ಬೀಳತ್ತೆ," ಎಂದಳು. ಇವರ ನಗು ಅಲ್ಲಿಗೆ ನಿಂತಿತು.

ಕಾಡಿನ ಒಳಗೆ ಇನ್ನೂ ಸರಿಯಾಗಿ ಕಾಲಿಟ್ಟಿರಲಿಲ್ಲ, ಇವರ ಕಾಲುಚೀಲದ ಮೇಲೆ ಒಂದು ಜಿಗಣೆ ಕಾಣಿಸಿತು. ದಾರದ ತುಂಡಿನಷ್ಟಿತ್ತು. ಇವರು ಎರಡು ಕೋಲಿನ ಮೇಲೆ ಭಾರ ಬಿಟ್ಟು ಒಂಟಿ ಕಾಲಿನಲ್ಲಿ ನಿಂತುಬಿಟ್ಟರು. ಉಪ್ಪು ಹಾಕಿದೆ, ಬಿತ್ತು. ಮುಂದೆ ಹೋಗುತ್ತ ಇನ್ನೊಂದು. ಅದಕ್ಕೂ ಹಾಕಿದೆ. ನನ್ನ ಕಾಲಿಗೂ ಹತ್ತಿದ್ದವು. ಅವಕ್ಕೆ ಉಪ್ಪು ಹಾಕಲು ನಾನೇ ಬಗ್ಗಬೇಕಾಯಿತು.

ಅರ್ಧ ದಾರಿಯಲ್ಲಿ ಅರಣ್ಯ ಇಲಾಖೆಯ ಕಾವಲು ಗುಡಿಸಲು ಸಿಕ್ಕಿತು. ಒಳಗೆ ಒಬ್ಬ ಗಾರ್ಡ್ ಒಲೆ ಹಚ್ಚಿಕೊಂಡು ಕೂತಿದ್ದರು. ನಮ್ಮವರು ಆ ಒಲೆಯನ್ನು ನೋಡಿದರು, ಒಣಗಿದ ನೆಲವನ್ನು ನೋಡಿದರು, ಒಳಗೆ ಹೋಗಿ ಕೂತರು.

"ನೀನು ಹೋಗ್ಬಾ. ನಂಗೆ ಹೆದರಿಕೆ ಅಂತಲ್ಲ. ಬಿಪಿ ಮಾತ್ರೆ ತಗೊಳ್ತೀನಲ್ಲ, ರಕ್ತ ತೆಳ್ಳಗಿರತ್ತೆ. ಕಚ್ಚಿದ್ರೆ ನಿಲ್ಲಲ್ಲ."

ಬಿಪಿ ಮಾತ್ರೆಗೂ ರಕ್ತ ತೆಳ್ಳಗಾಗುವುದಕ್ಕೂ ಸಂಬಂಧವಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. "ನಾನೂ ಇಲ್ಲೇ ಇರ್ಲಾ?" ಎಂದು ಕೇಳುವುದು ಹೆಂಡತಿಯ ಧರ್ಮ. ಕೇಳಿದೆ. ಉತ್ತರ ಬರುವ ಮೊದಲೇ ಹೊರಟೆ.

ಮುಂದಿನ ಏರಿನಲ್ಲಿ ನನ್ನ ಕೈ ಹಿಡಿದದ್ದು ಗದಗಿನ ಕಡೆಯ ಒಂದು ಹುಡುಗಿ. ಬಿಟಿಎಂನಲ್ಲಿ ಬಾಡಿಗೆ ರೂಮು, ಯಾವುದೋ ಕಾಲ್ ಸೆಂಟರಿನಲ್ಲಿ ಕೆಲಸ. "ಕೈ ಕೊಡ್ರೀ ಆಂಟಿ," ಎಂದು ಪ್ರತಿ ಬಂಡೆಯ ಹತ್ತಿರವೂ ನಿಂತು ಎಳೆದುಕೊಂಡಳು. ಮೊದಲು ಎಂದಾದರೂ ಫಾಲ್ಸ್ ನೋಡಿದ್ದೀಯಾ ಎಂದು ಕೇಳಿದೆ.

"ಎಲ್ಲಿದ್ರೀ ಆಂಟಿ. ನಮ್ಮೂರಾಗ ನಳಕ್ಕ ನೀರು ಬಂದ್ರ ಅದ ಫಾಲ್ಸ್."

ಕೊನೆಗೆ ನೀರಿನ ಸದ್ದು ಕೇಳಿತು, ಆಮೇಲೆ ನೀರು ಕಂಡಿತು, ಅದಕ್ಕೂ ಮೊದಲು ಸಾಲು ಕಂಡಿತು. ಬೆಳಗಿನ ಇನ್ನೆರಡು ತಂಡದವರು ರೀಲ್ಸ್ ಮಾಡಲು ಒಂದೇ ಬಂಡೆಗಾಗಿ ಕಾಯುತ್ತಿದ್ದರು. ಒಬ್ಬ ಹುಡುಗ ಎರಡೂ ಕೈ ಚಾಚಿ ಪ್ರಕೃತಿಯಲ್ಲಿ ಲೀನವಾಗುತ್ತಿದ್ದ. "ಮಗಾ, ಸರಿ ಬಂದಿಲ್ಲ, ಇನ್ನೊಂದ್ಸಲ," ಎಂದು ಗೆಳೆಯ ಹೇಳಿದಾಗ ಮತ್ತೆ ಲೀನವಾದ. ನಾನೂ ಆ ಹುಡುಗಿಯೂ ಸಾಲು ಬಿಟ್ಟು ಪಕ್ಕದ ಬಂಡೆಗೆ ಸರಿದು, ಶೂ ಬಿಚ್ಚಿ ಕಾಲು ನೀರಿಗೆ ಬಿಟ್ಟೆವು. ತಣ್ಣಗಿನ ನೀರು ಮೊಣಕಾಲವರೆಗೂ ಜುಮ್ಮೆನಿಸಿತು. ನೀರು ಮೇಲಿನಿಂದ ಬಿಳಿಯಾಗಿ ಹೊರಟು ನಡುವೆ ಎಲ್ಲೋ ಹೊಗೆಯಾಗಿ, ಕೆಳಗೆ ಬರುವಾಗ ಮತ್ತೆ ನೀರಾಗುತ್ತಿತ್ತು. ಮುಖದ ಮೇಲೆಲ್ಲ ತುಂತುರು. ನೋಡ್ರೀ ಎನ್ನಲು ಪಕ್ಕಕ್ಕೆ ತಿರುಗಿದೆ. ಗದಗಿನ ಹುಡುಗಿ ಅವಳ ಅಮ್ಮನಿಗೆ ವೀಡಿಯೋ ಕಾಲ್ ಮಾಡಲು ಸಿಗ್ನಲ್ ಹುಡುಕುತ್ತಿದ್ದಳು. ನನಗೆ ಸ್ವಲ್ಪ ಹೊತ್ತು ಸಿಟ್ಟು ಬಂತು. ಇಷ್ಟೆಲ್ಲ ಕೊಂಡುಕೊಂಡ ಮನುಷ್ಯ ಇಲ್ಲಿರಬೇಕಿತ್ತು.

ಮರಳಿ ಬಂದಾಗ ಆ ಮನುಷ್ಯ ಗುಡಿಸಲಿನಲ್ಲಿ ಬ್ಲ್ಯಾಕ್ ಟೀ ಕುಡಿಯುತ್ತ, ಗಾರ್ಡ್‌ಗೆ ಅವರ ಮಗಳ ಹೆಸರಲ್ಲಿ ಯಾವ ವಿಮೆ ಮಾಡಿಸಬೇಕು ಎಂದು ವಿವರಿಸುತ್ತಿದ್ದರು. ಇವರ ಕೆಲಸವೇ ವಿಮಾ ಕಚೇರಿಯಲ್ಲಿ. ಇವರ ವಿವರಣೆಯನ್ನು ಕೊನೆಯವರೆಗೂ ಕೇಳಿದವರನ್ನು ನಾನು ನೋಡಿದ್ದು ಅದೇ ಮೊದಲು. ದಟ್ಟ ಕಾಡಿನಲ್ಲಿ ಎದ್ದು ಹೋಗಲು ಬೇರೆ ಜಾಗವಿರಲಿಲ್ಲ ಎಂದಿಟ್ಟುಕೊಳ್ಳಿ.

"ಹೇಗಿತ್ತು?" ಎಂದರು.

"ನೀರು ಬೀಳ್ತಿತ್ತು," ಎಂದೆ.

ಬಸ್ಸಿನಲ್ಲಿ ಮಾತ್ರ ಬಿಡಿಸಿ ಬಿಡಿಸಿ ಕೇಳಿದರು. ಎಷ್ಟು ಎತ್ತರ, ಸದ್ದು ಹೇಗೆ, ಬಣ್ಣ ಯಾವುದು. ನೋಡಲಿಲ್ಲವೆಂಬ ಸಂಕಟ ಪಾಪ ಎಂದುಕೊಂಡು ಎಲ್ಲವನ್ನೂ ಹೇಳಿದೆ.

ಸಂಕಟವಲ್ಲ, ಅದು ಸರಕು ಸಂಗ್ರಹ. ಮುಂದಿನ ಭಾನುವಾರ ನಾನೂ ಕೆರೆಗೆ ಹೋಗಿದ್ದೆ. ಬೆಂಚಿನ ಮೇಲೆ ಇವರು ಗೆಳೆಯರಿಗೆ ಹೇಳುತ್ತಿದ್ದರು, "ನೋಡಿ, ಮೇಲಿಂದ ಬೆಳ್ಳಗೆ ಹೊರಡತ್ತೆ, ಮಧ್ಯ ಹೊಗೆ ಆಗತ್ತೆ, ಕೆಳಗೆ ಬರೋವಾಗ ಮತ್ತೆ ನೀರು." ನನ್ನ ಮಾತುಗಳು ಒಂದಕ್ಷರ ಲೋಪವಿಲ್ಲದೆ ಬಂದವು. ಜೊತೆಗೆ ನನ್ನ ಮಾತಿನಲ್ಲಿಲ್ಲದ ಒಂದು ಆನೆಯೂ ಬಂತು, ದಾರಿ ಬಿಟ್ಟುಕೊಟ್ಟು ಹೋಯಿತು. ಹಿಮಾಲಯದವರು ತಮ್ಮ ಫೋನನ್ನು ಜೇಬಿಗೆ ಹಾಕಿಕೊಂಡರು. ಆನೆಯ ವಿಷಯ ನಾನು ಬಿಟ್ಟುಕೊಡಲಿಲ್ಲ. ನಿವೃತ್ತಿಗೆ ಮುಂಚೆ ಮನುಷ್ಯನಿಗೆ ಒಂದು ಆನೆಯಾದರೂ ಬೇಡವೇ.

ಕೆಲವು ವಾರಗಳ ನಂತರ ಅದೇ ಬೆಂಚಿನಲ್ಲಿ ಕೂತಿದ್ದಾಗ ಇವರ ಫೋನು ರಿಂಗಾಯಿತು. ಇವರು ಫೋನನ್ನು ಯಾವಾಗಲೂ ಸ್ಪೀಕರಿನಲ್ಲೇ ಇಟ್ಟು ಮಾತಾಡುವವರು. ಯಡಿಯೂರಿನವರಿಗೆಲ್ಲ ನಮ್ಮ ಮನೆಯ ವಿಷಯ ಗೊತ್ತಿರುವುದು ಹಾಗೆಯೇ. ಫೋನು ಆ ಗಾರ್ಡ್‌ನದು.

"ಸಾರ್, ಆರಾಮಾ? ಮಗಳ ಪಾಲಿಸಿ ಪೇಪರ್ ಬಂತು ಸಾರ್, ತುಂಬಾ ಉಪಕಾರ ಆಯ್ತು. ಇನ್ನೊಂದ್ಸಲ ಬನ್ನಿ, ಫಾಲ್ಸ್ ತಂಕ ನಾನೇ ಕರ್ಕೊಂಡು ಹೋಗ್ತೀನಿ. ಅಷ್ಟು ದೂರದಿಂದ ಬಂದು ಜಿಗಣೆಗೆ ಹೆದರಿ ನನ್ ಗುಡಿಸಲಲ್ಲೇ ಕೂತ್ರಲ್ಲ, ನಂಗೇ ಬೇಜಾರಾಯ್ತು."

ಇವರು ತಡವರಿಸಿ ಫೋನು ಕಟ್ ಮಾಡಿದರು, ಗೆಳೆಯರು ಮೂವರೂ ಇವರ ಕಡೆ ತಿರುಗಿದರು. ಇಂಥದೊಂದು ಗಳಿಗೆಗಾಗಿ ನಾನು ಮದುವೆಯಾದಾಗಿನಿಂದ ಕಾದಿದ್ದೆ. ಕಾಲ ಮೇಲೆ ಕಾಲು ಹಾಕಿ ಅನುಭವಿಸಬಹುದಿತ್ತು. ಆದರೆ ಇವರ ಕಿವಿ ಕೆಂಪಗಾದದ್ದು ಕಣ್ಣಿಗೆ ಬಿತ್ತು, ಬಾಯಿ ತಾನಾಗಿ ತೆರೆಯಿತು.

"ಅದು ಮೇಲಿನ ಫಾಲ್ಸ್. ಕೆಳಗಿಂದು ಇಬ್ರೂ ನೋಡಿದ್ವಿ. ಮೇಲಿಂದಕ್ಕೆ ಇವ್ರು ಬರ್ಲಿಲ್ಲ ಅಷ್ಟೆ."

"ಓ, ಹಾಗೆ," ಎಂದರು ಹಿಮಾಲಯದವರು. "ಹಾಗಿದ್ರೆ ಮೇಲಿಂದನ್ನ ಎಲ್ರೂ ಸೇರಿ ನೋಡ್ಕೊಂಡು ಬಂದ್ಬಿಡೋಣ."

ಮನೆಗೆ ನಡೆಯುವಾಗ ಇವರು ಮೆಲ್ಲಗೆ ಕೇಳಿದರು, "ಮೇಲೆ ಇನ್ನೊಂದು ಇದ್ಯಾ?"

"ಇಲ್ಲ."

"ಮತ್ತೆ?"

"ಅಲ್ಲಿಗೆ ಹೋದಾಗ ನೋಡ್ಕೊಳ್ಳೋಣ."

ಇವರು ನನ್ನ ಕೈಯಲ್ಲಿದ್ದ ತರಕಾರಿ ಚೀಲ ತೆಗೆದುಕೊಂಡರು. ಮನೆಯವರೆಗೂ ಹೊತ್ತರು.

ಸಂಕ್ರಾಂತಿ ಕಳೆದ ಮೇಲೆ ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೋದೆವು. ಒಣ ಕಾಲದಲ್ಲಿ ಜಿಗಣೆಗಳಿಗೆ ರಜೆ. ಗಾರ್ಡ್ ಮುಂದೆ, ಅವರ ಹಿಂದೆಯೇ ನಮ್ಮವರು, ಆಮೇಲೆ ಏದುಸಿರು ಬಿಡುವ ಗೆಳೆಯರು. ಹಿಮಾಲಯ ನೋಡಿದವರು ಎಲ್ಲರಿಗಿಂತ ಹಿಂದೆ. ಆದರೆ ನೀರು ಸೊರಗಿಹೋಗಿತ್ತು. ನಮ್ಮ ಕಟ್ಟಡದ ಟ್ಯಾಂಕು ತುಂಬಿ ಸುರಿದರೆ ಇದಕ್ಕಿಂತ ಜೋರು.

ಹಿಮಾಲಯದವರು ಬೆವರು ಒರೆಸಿಕೊಂಡು ಗಾರ್ಡನ್ನು ಕೇಳಿದರು, "ಇದು ಮೇಲಿಂದಾ, ಕೆಳಗಿಂದಾ?"

"ಇರೋದೇ ಇದೊಂದು, ಸಾರ್."

ಮೂವರೂ ನನ್ನ ಕಡೆ ನೋಡಿದರು. ನಾನು ಜಲಪಾತದ ಕಡೆ ನೋಡಿದೆ. ಯಾರೋ ಮೊದಲು ನಕ್ಕರು, ಆಮೇಲೆ ಎಲ್ಲರೂ ನಕ್ಕರು, ನನಗೂ ತಡೆಯಲಾಗಲಿಲ್ಲ.

ನಮ್ಮವರಿಗೆ ಇದ್ಯಾವುದೂ ಕೇಳಿಸಿರಲಿಲ್ಲ. ಕೋಲು ಎಲ್ಲೋ ಬಿಟ್ಟು, ನೀರು ಬೀಳುವಲ್ಲಿಯವರೆಗೂ ಬಂಡೆ ಹಿಡಿದು ಹೋಗಿದ್ದರು. ತಲೆ ಹಿಂದಕ್ಕೆ ಬಾಗಿಸಿ ಬಾಯಿ ತೆರೆದು ನಿಂತಿದ್ದರು. ಹತ್ತಿರ ಹೋದೆ.

"ಎಷ್ಟು ಎತ್ತರ ಇದೆ ಕಣೇ," ಎಂದರು. "ನೀನು ಹೇಳ್ಲೇ ಇಲ್ಲ."

ಹೇಳಿದ್ದೆ. ಅವರೇ ಅದನ್ನು ಇಡೀ ಯಡಿಯೂರಿಗೆ ಹೇಳಿದ್ದರು. ವಾದಕ್ಕಿಳಿಯಲಿಲ್ಲ. ಬಂಡೆಯ ಮೇಲೆ ಕೂತು ಕಿತ್ತಳೆ ಸುಲಿದು ಅರ್ಧ ಕೊಟ್ಟೆ. ಕಣ್ಣು ಮೇಲಿಂದ ಕೀಳದೆ, ಬೀಜ ಸಮೇತ ತಿಂದರು.