ಇಪ್ಪತ್ತು ದಿನ ಕೇಳಿದ ಹೂವು

ತಾಯಲೂರಿನ ಪಕ್ಕ ನನಗೊಂದು ಎಕರೆ ಚಿಲ್ಲರೆ ಕಲ್ಲುನೆಲವಿದೆ. ಕೊಂಡಾಗ ಎಲ್ಲರೂ ನಕ್ಕರು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕ್ರೇಟು ಹೊತ್ತು, ಆಮೇಲೆ ದಲ್ಲಾಳಿಯಾಗಿ ಮೇಲೆ ಬಂದವನು ನಾನು. ಪಕ್ಕದವರು ನಕ್ಕರೆಂದು ವ್ಯಾಪಾರ ಬಿಡಬೇಡಿ, ಇದು ನನ್ನ ಅನುಭವ. ಕುರಿ ಮಂದೆ ನಿಲ್ಲಿಸಿ ಗೊಬ್ಬರ ಬೀಳಿಸುವುದು, ಆಮೇಲೆ ಹುರುಳಿ ಚೆಲ್ಲುವುದು ಎಂದು ಯೋಚಿಸಿದ್ದೆ.

ಮಳೆ ಬಿದ್ದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಹೋಗಿ ನೋಡಿದರೆ, ನನ್ನ ನೆಲದಲ್ಲಿ ಹೆಂಗಸೊಬ್ಬರು ಬೋರಲು ಮಲಗಿದ್ದಾರೆ. ಮುಖದ ಮುಂದೆ ಕ್ಯಾಮೆರಾ. ಗುರುತಿಲ್ಲದವರು ನಿಮ್ಮ ಜಮೀನಿನಲ್ಲಿ ನಿಂತಿದ್ದರೆ ದಾರಿ ತಪ್ಪಿರಬಹುದು. ಮಲಗಿದ್ದರೆ ಏನೋ ಇದೆ. ಕಲ್ಲು ಕ್ವಾರಿಯವರ ಕಡೆಯವರೇ? ಸರ್ವೆಯವರೇ?

"ಏನ್ ಮೇಡಂ, ಏನಾದ್ರೂ ಕಳ್ಕೊಂಡ್ರಾ?"

"ಇಲ್ಲ ಸಾರ್, ಸಿಕ್ತು."

ಆ ಉತ್ತರದಿಂದ ನನ್ನ ಅನುಮಾನ ಇನ್ನೂ ಹೆಚ್ಚಾಯಿತು. ಅವರು ಎದ್ದು ಕೂತು ತೋರಿಸಿದರು. ಬೆರಳುದ್ದದ ಗಿಡ, ಬೂದಿ ಬಣ್ಣದ ಎಲೆ, ಅಂಗಿಯ ಗುಂಡಿಗಿಂತ ಚಿಕ್ಕ ನೇರಳೆ ಹೂ. ಅಂಥವು ಒಂದು ಚಾಪೆ ಹಾಸುವಷ್ಟು ಜಾಗದಲ್ಲಿದ್ದವು. ತಾನು ಮುಳಬಾಗಿಲಿನ ಕಾಲೇಜಿನಲ್ಲಿ ಗಿಡಮರಗಳ ಪಾಠ ಹೇಳುವವಳು ಎಂದರು.

"ಇದು ಮರಳುಗಾಡಿನ ಅಂಚಲ್ಲಿ ಬೆಳೆಯೋ ಗಿಡ ಸಾರ್. ನಮ್ ಕಡೆ ನಾನು ಕಂಡಿರೋದು ಇದೊಂದೇ ಜಾಗ. ಒಂದೇ ವರ್ಷದ ಬಾಳು, ಹೂ ಬಿಟ್ಟು ಸತ್ತೋಗುತ್ತೆ. ಬೀಜ ಬಲಿತು ಬಿದ್ರೇನೇ ಮುಂದಿನ ವರ್ಷ ಹುಟ್ಟೋದು. ಇನ್ನೊಂದು ಇಪ್ಪತ್ತು ದಿನ ಇಲ್ಲಿ ಯಾರೂ ತುಳೀದಂಗೆ ನೋಡ್ಕೊಳ್ತೀರಾ?"

ಮಂಡಿಯಲ್ಲಿ ಟೈಮು ಕೇಳುವವನ ಬೆನ್ನ ಹಿಂದೆ ಇನ್ನೊಂದು ಪಾರ್ಟಿ ಇರುತ್ತದೆ. ಅಲ್ಲದೆ ಎದುರಿನವರು ಏನು ಹೇಳಿದರೂ ಅರ್ಧಕ್ಕೆ ಇಳಿಸುವುದು ನನ್ನ ನಾಲಿಗೆಗೆ ಅಂಟಿದ ಚಾಳಿ.

"ಹತ್ತು ದಿನ," ಎಂದೆ.

ಅವರು ಏನೋ ಹೇಳಲು ಬಾಯಿ ತೆರೆದು, "ಆಯ್ತು ಸಾರ್," ಎಂದುಬಿಟ್ಟರು. ಎಳೆದಾಡದೆ ಒಪ್ಪುವವರನ್ನು ನಾನು ನಂಬುವುದಿಲ್ಲ. ಅವತ್ತೇ ಕುರಿಯವನಿಗೆ ಹನ್ನೊಂದನೇ ದಿನಕ್ಕೆ ಬಾ ಎಂದು ಹೇಳಿ ಕಳಿಸಿದೆ.

ದಿನಾ ಸಂಜೆ ಸ್ಕೂಟರಿನಲ್ಲಿ ಹೋಗಿ ಹುಣಸೆಮರದ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಅವರು ಬರುತ್ತಿದ್ದರು, ಕೂರುತ್ತಿದ್ದರು, ಬಗ್ಗಿ ನೋಡಿ ಹೋಗುತ್ತಿದ್ದರು. ಜೊತೆಗೆ ಯಾರೂ ಇಲ್ಲ. ಹಿಂದಿರುವವರು ಬಲು ಹುಷಾರಿನ ಜನ ಎಂದುಕೊಂಡೆ.

ಹತ್ತನೇ ದಿನ ಅವರೇ ನನ್ನನ್ನು ಮರದ ಹತ್ತಿರ ಹಿಡಿದರು. ಅಂಗೈಯಲ್ಲಿ ಒಂದು ಹಸಿರು ಕಾಯಿ.

"ನೋಡಿ, ಇನ್ನೂ ಬಲಿತಿಲ್ಲ. ಇನ್ನು ಹತ್ತು ದಿನ ಕೊಡಿ ಸಾರ್."

"ಮಾತು ಹತ್ತಕ್ಕೇ ಆಗಿದ್ದು ಮೇಡಂ. ಇವತ್ತು ಹತ್ತು ಅಂತೀರಾ, ನಾಳೆ ಇಲ್ಲಿ ಸರ್ಕಾರದ ಬೋರ್ಡು ನೆಡ್ತೀರಾ."

"ಯಾವ ಬೋರ್ಡು?"

ಆ ಅಮಾಯಕ ಮುಖವೂ ಕಲಿತು ಬಂದದ್ದೆಂದೇ ನನಗೆ ಕಂಡಿತು. ಆದರೂ ಬುದ್ಧಿ ಹೇಳದೆ ಇರಲಾಗಲಿಲ್ಲ. "ಬೇಜಾರ್ ಮಾಡ್ಕೋಬೇಡಿ, ಒಂದ್ ಮಾತ್ ಹೇಳ್ತೀನಿ. ಇಪ್ಪತ್ತು ಬೇಕಿದ್ರೆ ನೀವು ಮೊದಲು ನಲವತ್ತು ಕೇಳ್ಬೇಕಿತ್ತು."

"ಗಿಡಕ್ಕೆ ಬೇಕಿದ್ದಿದ್ದು ಇಪ್ಪತ್ತು ಸಾರ್. ಅದನ್ನೇ ಕೇಳ್ದೆ."

ಮರುದಿನ ಮಂದೆ ಬಂತು. ಕುರಿಯವನು ಆಂಧ್ರದ ಗಡಿಯವನು. ನೆಲ ನೋಡಿ, "ಏಮನ್ನಾ, ಬರೀ ಬಂಡೆ ಮೇಯ್ಸೋಕೆ ಕರೆಸ್ದ್ಯಾ?" ಎಂದು ನಕ್ಕ. ಮಧ್ಯಾಹ್ನದೊಳಗೆ ಚಾಪೆಯಷ್ಟು ಜಾಗ ಬೋಳಾಯಿತು. ಗೊಬ್ಬರವೇನೋ ಚೆನ್ನಾಗಿಯೇ ಬಿತ್ತು, ಹುರುಳಿಯೂ ಬಂತು. ಬೋರ್ಡು ಬರಲಿಲ್ಲ, ಕ್ವಾರಿಯವರೂ ಬರಲಿಲ್ಲ. ಇಡೀ ವರ್ಷ ಕಾದೆ, ಯಾರೂ ಬರಲಿಲ್ಲ.

"ಹೂವಿನ ಹತ್ರಾನೂ ಚೌಕಾಸಿ ಮಾಡಿದ ಗಂಡಸು ನೀವೊಬ್ರೇ ಕಣ್ರೀ," ಎಂದಳು ಹೆಂಡತಿ.

ಈ ವರ್ಷ ಮಳೆ ಬಿದ್ದ ಮೇಲೆ ಹೋದರೆ, ಅವರು ಆಗಲೇ ಬಗ್ಗಿಕೊಂಡು ನೆಲ ಹುಡುಕುತ್ತಿದ್ದರು. ಹಳೇ ಜಾಗದಲ್ಲಿ ಒಂದೂ ಇಲ್ಲ. ಬೇಲಿಯ ಮುರಿದ ಕಲ್ಲುಚಪ್ಪಡಿಯ ಸಂದಿಯಲ್ಲಿ, ಹೋದ ಸಲ ಕುರಿಯ ಬಾಯಿ ಹೊಗದೆ ಉಳಿದ ಯಾವುದೋ ಒಂದು ಗಿಡದ ಬೀಜದಿಂದ, ನಾಲ್ಕು ಗಿಡ ಎದ್ದು ಹೂ ಬಿಟ್ಟಿದ್ದವು.

ಅವರು ಏನೂ ಕೇಳಲಿಲ್ಲ. ನಾನು ಕಾದೆ. ಮಂಡಿಯಲ್ಲಿ ಮೊದಲು ಬಾಯಿ ಬಿಟ್ಟವನು ಕೆಟ್ಟ. ನಾನು ಯಾವತ್ತೂ ಬಿಟ್ಟವನಲ್ಲ.

"ಎಷ್ಟು ದಿನ ಮೇಡಂ?"

"ನಲವತ್ತು ಸಾರ್."

ಮುಖ ನೋಡಿದೆ. ನಗುವಿನ ಸುಳಿವೇ ಇಲ್ಲ. 'ಇಪ್ಪತ್ತು' ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಆ ನಾಲ್ಕು ಗಿಡಗಳನ್ನು ಇನ್ನೊಮ್ಮೆ ನೋಡಿ, "ಆಯ್ತು," ಎಂದೆ.

ಚಪ್ಪಡಿಯ ಸುತ್ತ ನಾನೇ ಜಾಲಿ ಮುಳ್ಳು ಕಡಿದು ಹಾಕಿದೆ. ಕುರಿಯವನಿಗೆ ಆಮೇಲೆ ನೋಡೋಣ ಎಂದೆ. ಇಪ್ಪತ್ತನೇ ದಿನ ಒಬ್ಬನೇ ಹೋಗಿ ಮಂಡಿಯೂರಿ ಪರೀಕ್ಷಿಸಿದೆ. ಕಾಯಿ ಒಣಗಿ ಬಿರಿದು, ನಶ್ಯದ ಪುಡಿಯಂಥ ಬೀಜ ಮಣ್ಣಿಗೆ ಉದುರಿತ್ತು. ಅಂದರೆ ಮಿಕ್ಕ ಇಪ್ಪತ್ತು ದಿನವನ್ನು ಆ ಮೇಡಂ ನನ್ನಿಂದ ಪುಕ್ಕಟೆ ಹೊಡೆದಿದ್ದಾರೆ, ಅದೂ ನಾನೇ ಹೇಳಿಕೊಟ್ಟ ವಿದ್ಯೆಯಿಂದ!

ಮುಳ್ಳು ತೆಗೆಯಲು ಕೈ ಹಾಕಿದವನು ಹಾಗೇ ಬಿಟ್ಟು ಬಂದೆ. ಕಾಯಿ ಖಾಲಿಯಾಗಿದ್ದದ್ದು ಮೂರು ಗಿಡದ್ದು ಮಾತ್ರ. ನಾಲ್ಕನೆಯದರ ಮೇಲೆ ನನಗೆ ಇನ್ನೂ ಅನುಮಾನವಿತ್ತು.